1/35 ಟ್ಯಾಂಕ್ ಮಾಡೆಲ್‌ಗೆ ದೀಪ, ಮೋಟಾರ್: ಹಲ್ ಮುಚ್ಚುವ ಮೊದಲು ಮುಗಿಯಬೇಕಾದ ಕೆಲಸ

ಮೋಟಾರ್ ಶುರುವಾದ ಕೂಡಲೇ ದೀಪ ಮಂಕಾಗುತ್ತದೆ. ಟ್ಯಾಂಕ್ ನೆಟ್ಟಗೆ ಹೋಗದೆ ಒಂದೇ ಕಡೆ ಎಳೆಯುತ್ತದೆ. ಬಣ್ಣ ಬಳಿದ ಮೇಲೆ ನೋಡಿದರೆ ಹೆಡ್‌ಲೈಟ್ ಜೊತೆಗೆ ಇಡೀ ಮಡ್‌ಗಾರ್ಡ್ ಬೆಳಗುತ್ತಿರುತ್ತದೆ. ದೂರುಗಳು ಬೇರೆಬೇರೆಯಾದರೂ ಕಾರಣ ಹೆಚ್ಚುಕಡಿಮೆ ಒಂದೇ. ಕಿಟ್ ಜೊತೆ ಬಂದ ಹಾಳೆಯ ಕ್ರಮವನ್ನೇ ಹಿಡಿದು ಜೋಡಿಸುತ್ತಾರೆ. ಆ ಹಾಳೆ ಕಪಾಟಿನಲ್ಲಿ ಅಲುಗದೆ ಕೂರುವ ಮಾಡೆಲ್‌ಗೆ ಬರೆದದ್ದು, ಅದರಲ್ಲಿ ಹಲ್‌ನ (ಟ್ಯಾಂಕಿನ ಒಡಲಿನ) ಮೇಲ್ಭಾಗವನ್ನು ಬೇಗನೆ ಅಂಟಿಸಿಬಿಡುತ್ತಾರೆ. ಕರೆಂಟು ಸೇರಿಸುವವರು ಮೊದಲು ಬರಿ ಚಾಸಿಯನ್ನು (ಚಕ್ರ, ಟ್ರ್ಯಾಕ್ ಇರುವ ತಳಭಾಗ) ನೆಟ್ಟಗೆ ಓಡಿಸಬೇಕು, ಆಮೇಲೆ ದೀಪ, ಆಮೇಲೆ ಬಣ್ಣ. ಮುಚ್ಚಳ ಕಟ್ಟಕಡೆಗೆ, ಅದೂ ಅಂಟು ಹಾಕದೆ.

ಇಲ್ಲಿನ ಅಳತೆಗಳೆಲ್ಲ 1/35 ಪ್ರಮಾಣದ, ಅಂದರೆ ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಕಿಟ್‌ಗೆ. 1/72ರಲ್ಲಿ ದೀಪಕ್ಕಷ್ಟೇ ಜಾಗ, ಮೋಟಾರಿನ ಆಸೆ ಬಿಡಿ.

ಹಂತ 1: ಕಿಟ್ ತೆರೆಯುವ ಮೊದಲು ಅಳತೆ

ಮೊದಲ ಪ್ರಯತ್ನಕ್ಕೆ ಅಗಲವಾದ ಟ್ಯಾಂಕ್ ಆರಿಸಿಕೊಳ್ಳಿ. ಸೋವಿಯತ್ ಟಿ-55ರ ಅಗಲ ಸುಮಾರು 3.3 ಮೀಟರ್, ಅಂದರೆ ಮಾಡೆಲ್‌ನಲ್ಲಿ 94 ಮಿ.ಮೀ. ಎರಡು ಕಡೆಯ ಟ್ರ್ಯಾಕ್ ಕಳೆದರೆ ಹಲ್‌ನ ಒಳಗೆ ಅಡ್ಡಲಾಗಿ 55 ಮಿ.ಮೀ. ಆಸುಪಾಸು ಉಳಿಯುತ್ತದೆ. ಎನ್20 ಎಂಬ ಪುಟ್ಟ ಗೇರ್ ಮೋಟಾರ್ ಎರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಲು ಸರಿಯಾಗಿ 50 ಮಿ.ಮೀ. ಬೇಕು, ಹಾಗಾಗಿ ಇಲ್ಲಿ ಹಿಡಿಸುತ್ತದೆ.

ಕೊಡಗಿನಲ್ಲಿ ಸ್ಟುವರ್ಟ್ ಟ್ಯಾಂಕ್ ಮಾಡಬೇಕೆಂಬ ಆಸೆ ಸಹಜ. 1948ರ ನವೆಂಬರ್ 1ರಂದು ಕಾಶ್ಮೀರ-ಲಡಾಖ್ ನಡುವಿನ ಜೋಜಿಲಾ ಕಣಿವೆದಾರಿಯಲ್ಲಿ ಕೊಡಗಿನವರೇ ಆದ ಜನರಲ್ ತಿಮ್ಮಯ್ಯ ಮುಂದೆ ಬಿಟ್ಟದ್ದು ಭಾರತೀಯ ಸೇನೆಯ 7 ಲೈಟ್ ಕ್ಯಾವಲ್ರಿ ದಳದ ಸ್ಟುವರ್ಟ್‌ಗಳನ್ನೇ. ಆದರೆ ಅದು ಹಗುರ ಟ್ಯಾಂಕ್, ಮಾಡೆಲ್‌ನ ಒಟ್ಟು ಅಗಲವೇ 65 ಮಿ.ಮೀ. ಬೆನ್ನಿಗೆ ಬೆನ್ನು ಕೊಟ್ಟ ಮೋಟಾರ್‌ಗಳು ಒಳಗೆ ಹಿಡಿಯುವುದಿಲ್ಲ. ಶಾಫ್ಟ್ 90 ಡಿಗ್ರಿಗೆ ಹೊರಬರುವ ವರ್ಮ್ ಗೇರ್ ಎನ್20 ತಂದು, ಮೋಟಾರ್‌ಗಳನ್ನು ಹಲ್‌ನ ಉದ್ದಕ್ಕೆ ಮಲಗಿಸಬೇಕಾಗುತ್ತದೆ. ಅದನ್ನು ಎರಡನೇ ಮಾಡೆಲ್‌ಗೆ ಇಟ್ಟುಕೊಳ್ಳುವುದು ಜಾಣತನ.

ಟ್ರ್ಯಾಕ್ ಯಾವ ಬಗೆಯದು ಎಂದು ಪೆಟ್ಟಿಗೆಯ ಮೇಲೆ ನೋಡಿ. ತುಂಡುತುಂಡಾಗಿ ಅಂಟಿಸುವ ಗಟ್ಟಿ ಪ್ಲಾಸ್ಟಿಕ್ ಟ್ರ್ಯಾಕ್ ಓಡುವುದಿಲ್ಲ. ಒಂದೇ ಪಟ್ಟಿಯಾಗಿ ಬರುವ ಮೆತ್ತನೆಯ ವಿನೈಲ್ ಟ್ರ್ಯಾಕ್ ಇರಬೇಕು, ಇಲ್ಲವೇ ಪಿನ್ ಹಾಕಿ ಜೋಡಿಸುವ ಲೋಹದ ಟ್ರ್ಯಾಕ್ ಬೇರೆ ತರಬೇಕು.

ಸ್ಪ್ರಾಕೆಟ್ (ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರ) ಎಲ್ಲಿದೆ ಎಂಬುದನ್ನೂ ಈಗಲೇ ಗುರುತಿಸಿ. ಟಿ-55ರಲ್ಲಿ ಹಿಂದೆ, ಸ್ಟುವರ್ಟ್‌ನಲ್ಲಿ ಮುಂದೆ. ಮೋಟಾರ್ ಅಲ್ಲಿಗೇ ಹೋಗಬೇಕು, ಬ್ಯಾಟರಿ ಅದರ ಎದುರು ತುದಿಗೆ. ಎರಡೂ ಒಂದೇ ಕಡೆ ಸೇರಿದರೆ ಟ್ಯಾಂಕ್ ಮೂತಿ ಎತ್ತುತ್ತದೆ.

ಹಂತ 2: ಸಾಮಾನು

- ಎನ್20 ಗೇರ್ ಮೋಟಾರ್ 2: 6 ವೋಲ್ಟ್, 100ರಿಂದ 200 ಆರ್‌ಪಿಎಂ, 3 ಮಿ.ಮೀ. ಡಿ-ಶಾಫ್ಟ್ (ಒಂದು ಬದಿ ಚಪ್ಪಟೆಯಾದ ಶಾಫ್ಟ್). ಎರಡೂ ಒಂದೇ ಅಂಗಡಿಯ ಒಂದೇ ಸರಕು ಆಗಿರಲಿ
- 3.7 ವೋಲ್ಟ್ ಲಿಪೊ ಬ್ಯಾಟರಿ 1: ಸುಮಾರು 500 ಎಂಎಎಚ್
- ರಕ್ಷಣಾ ಸರ್ಕ್ಯೂಟ್ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್ 1
- ನಡುವೆ ಆಫ್ ಇರುವ, ಕೈಬಿಟ್ಟರೆ ನಡುವಿಗೆ ಮರಳುವ, ಆರು ಕಾಲಿನ ಡಿಪಿಡಿಟಿ ಸ್ವಿಚ್ 2, ಚಿಕ್ಕ ಸ್ಲೈಡ್ ಸ್ವಿಚ್ 2
- ಎಲ್‌ಇಡಿ: 0603 ಅಥವಾ 0805 ಗಾತ್ರದ ವಾರ್ಮ್ ವೈಟ್ 4, ಕೆಂಪು 4. ಅರ್ಧದಷ್ಟು ಸುಟ್ಟುಹೋಗುತ್ತವೆ ಎಂದೇ ಲೆಕ್ಕ
- ಕಾಲು ವ್ಯಾಟ್ ರೆಸಿಸ್ಟರ್: 220 ಓಮ್, 680 ಓಮ್, 4.7 ಕಿಲೋ ಓಮ್
- 104 ಎಂದು ಬರೆದ ಸೆರಾಮಿಕ್ ಕೆಪ್ಯಾಸಿಟರ್ 2, 470 ಮೈಕ್ರೋಫ್ಯಾರಡ್ 10 ವೋಲ್ಟ್ ಕೆಪ್ಯಾಸಿಟರ್ 1, 1ಎನ್5819 ಡಯೋಡ್ 1
- ಎನಾಮಲ್ ತಂತಿ (ನಿರೋಧಕ ಲೇಪವಿರುವ ತಾಮ್ರದ ತಂತಿ) 38 ಎಸ್‌ಡಬ್ಲ್ಯೂಜಿ (ತಂತಿಯ ದಪ್ಪದ ನಂಬರು), ಮೋಟಾರ್‌ಗೆ ತೆಳು ಬಹುಎಳೆ ವೈರ್
- 25 ವ್ಯಾಟ್ ಸೋಲ್ಡರಿಂಗ್ ಐರನ್, 0.5 ಮಿ.ಮೀ. 60/40 ಸೋಲ್ಡರ್, ಫ್ಲಕ್ಸ್, ಮಲ್ಟಿಮೀಟರ್, ಕೈಡ್ರಿಲ್ ಮತ್ತು 0.5ರಿಂದ 3.2 ಮಿ.ಮೀ. ಬಿಟ್‌ಗಳು

ಎನಾಮಲ್ ತಂತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋಗಬೇಕಿಲ್ಲ. ಫ್ಯಾನ್ ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ 36ರಿಂದ 38 ಎಸ್‌ಡಬ್ಲ್ಯೂಜಿ ತಂತಿಯ ತುಂಡುಗಳು ಸಿಗುತ್ತವೆ. ಒಂದು ಎಚ್ಚರ ಬೇಕು. ವೈಂಡಿಂಗ್ ತಂತಿಯ ಎನಾಮಲ್ ಸೋಲ್ಡರ್ ಬಿಸಿಗೆ ಕರಗುವುದಿಲ್ಲ. ತುದಿಯ 3 ಮಿ.ಮೀ. ಭಾಗವನ್ನು 400 ನಂಬರಿನ ಉಪ್ಪುಕಾಗದದಲ್ಲಿ ತಾಮ್ರ ಹೊಳೆಯುವವರೆಗೆ ಉಜ್ಜದಿದ್ದರೆ ಬೆಸುಗೆ ಅಂಟಿದಂತೆ ಕಂಡರೂ ಕರೆಂಟು ಹರಿಯದು. "ಎಲ್‌ಇಡಿ ಕೆಟ್ಟಿದೆ" ಎಂದು ಎಸೆಯುವವುಗಳಲ್ಲಿ ಬಹುಪಾಲು ಹೀಗೆ ಉಜ್ಜದೆ ಉಳಿದವೇ.

ಹಂತ 3: ಮೋಟಾರ್ ಕೂರಿಸುವುದು

ವೇಗದ ಲೆಕ್ಕ ಮೊದಲು. 18 ಮಿ.ಮೀ. ವ್ಯಾಸದ ಸ್ಪ್ರಾಕೆಟ್ ಒಂದು ಸುತ್ತಿಗೆ ಸುಮಾರು 57 ಮಿ.ಮೀ. ಸಾಗುತ್ತದೆ. 6 ವೋಲ್ಟ್‌ಗೆ 200 ಆರ್‌ಪಿಎಂ ಇರುವ ಮೋಟಾರ್ 3.7 ವೋಲ್ಟ್‌ನಲ್ಲಿ 120ರ ಹತ್ತಿರ ತಿರುಗುತ್ತದೆ, ಅಂದರೆ ಸೆಕೆಂಡಿಗೆ 11 ಸೆಂ.ಮೀ. ನಿಜವಾದ ಟ್ಯಾಂಕಿಗೆ ಹಿಗ್ಗಿಸಿದರೆ ಗಂಟೆಗೆ 14 ಕಿ.ಮೀ. ನೋಡಲು ಚೆನ್ನ. 500 ಆರ್‌ಪಿಎಂ ಮೋಟಾರ್ ತಂದವರ ಟ್ಯಾಂಕ್ ಆಟಿಕೆ ಕಾರಿನಂತೆ ಚಿಮ್ಮುತ್ತದೆ, ಸಣ್ಣ ಇಳಿಜಾರು ಹತ್ತಲೂ ಬಲ ಸಾಲದು.

ಹಲ್‌ನ ಕೆಳಭಾಗವನ್ನಷ್ಟೇ ಜೋಡಿಸಿ. ಸ್ಪ್ರಾಕೆಟ್ ಸಿಕ್ಕಿಸುವ ಮೊಳೆಯನ್ನು ಕತ್ತರಿಸಿ, ಅದರ ನಡುಬಿಂದುವನ್ನು ಸೂಜಿಯಿಂದ ಗುರುತು ಮಾಡಿ, 1 ಮಿ.ಮೀ. ಬಿಟ್‌ನಿಂದ ಶುರುಮಾಡಿ 1.5, 2, 2.5 ಹೀಗೆ ಹಂತಹಂತವಾಗಿ 3.2 ಮಿ.ಮೀ.ವರೆಗೆ ಹಿಗ್ಗಿಸಿ. ನೇರವಾಗಿ 3 ಮಿ.ಮೀ. ಬಿಟ್ ಹಾಕಿದರೆ ಪ್ಲಾಸ್ಟಿಕ್ ಬಿಟ್ ಅನ್ನು ಪಕ್ಕಕ್ಕೆ ತಳ್ಳುತ್ತದೆ, ರಂಧ್ರ ಓರೆಯಾಗುತ್ತದೆ. ಸ್ಪ್ರಾಕೆಟ್‌ನ ನಡುವನ್ನು ಇದೇ ರೀತಿ 2.9 ಮಿ.ಮೀ.ಗೆ ಕೊರೆದು ಶಾಫ್ಟ್‌ಗೆ ಬಿಗಿಯಾಗಿ ಒತ್ತಿ.

ಇನ್ನು ಅಂಟಿಸುವ ಕೆಲಸ. ಮೋಟಾರ್‌ಗಳನ್ನು ಮೊದಲು ಡಬಲ್ ಟೇಪ್ ಮೇಲೆ ಕೂರಿಸಿ, ಎರಡೂ ಶಾಫ್ಟ್ ಒಂದೇ ಗೆರೆಯಲ್ಲಿವೆಯೇ ಎಂದು ಹಿಂದಿನಿಂದಲೂ ಮೇಲಿನಿಂದಲೂ ನೋಡಿ. ಸ್ಪ್ರಾಕೆಟ್ ಹಲ್ಲುಗಳು ಐಡ್ಲರ್ (ಎದುರು ತುದಿಯ ಚಕ್ರ) ಮತ್ತು ಉಳಿದ ಚಕ್ರಗಳ ನಡುಗೆರೆಗೆ ಸರಿಯಾಗಿ ಬರಬೇಕು. ಅರ್ಧ ಮಿ.ಮೀ. ಆಚೀಚೆಯಾದರೂ ಟ್ರ್ಯಾಕ್ ಕಳಚುತ್ತದೆ. ಸರಿ ಎನಿಸಿದ ಮೇಲೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಹಚ್ಚಿ ಒಂದು ರಾತ್ರಿ ಬಿಡಿ. ಫೆವಿಕ್ವಿಕ್‌ನಂಥ ಅಂಟು ಇಲ್ಲಿ ಸಲ್ಲದು. ತೆಳುವಾಗಿ ಹರಿದು ಗೇರ್ ಪೆಟ್ಟಿಗೆಯ ಒಳಗೆ ಹೋದರೆ ಮೋಟಾರ್ ಅಲ್ಲಿಗೆ ಮುಗಿಯಿತು.

ಮೋಟಾರ್‌ಗೆ ವೈರ್ ಬೆಸೆಯುವುದು ಹಲ್‌ಗೆ ಕೂರಿಸುವ ಮೊದಲೇ ಆಗಬೇಕು. ಕಿಟ್‌ನ ಪ್ಲಾಸ್ಟಿಕ್ 100 ಡಿಗ್ರಿಗೂ ಮೊದಲೇ ಮೆತ್ತಗಾಗುತ್ತದೆ, ಐರನ್ ತುದಿ 350ರ ಹತ್ತಿರ ಇರುತ್ತದೆ. ಪ್ರತಿ ಮೋಟಾರಿನ ಎರಡು ಕಿವಿಗಳ ನಡುವೆ ಒಂದು 104 ಕೆಪ್ಯಾಸಿಟರ್ ಬೆಸೆಯಿರಿ. ಬ್ರಷ್‌ಗಳ ಕಿಡಿಯಿಂದ ಬರುವ ಗದ್ದಲ ಅಲ್ಲೇ ನಿಲ್ಲುತ್ತದೆ.

ಹಂತ 4: ಬರಿ ಚಾಸಿ ಓಡಿಸುವುದು

ಅವಸರದವರು ದಾಟಿಹೋಗುವ ಹಂತ ಇದು, ಸೋಲುವುದೂ ಇಲ್ಲೇ. ಬಣ್ಣವಿಲ್ಲ, ದೀಪವಿಲ್ಲ, ಮೇಲ್ಭಾಗವಿಲ್ಲ. ಚಕ್ರ, ಟ್ರ್ಯಾಕ್, ಮೋಟಾರ್, ಬ್ಯಾಟರಿ ಇಷ್ಟೇ.

ಚಕ್ರಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ. ಬೆರಳು ತೆಗೆದ ಮೇಲೂ ಅರ್ಧ ಸುತ್ತಾದರೂ ತಿರುಗಬೇಕು. ಸಿಕ್ಕಿಕೊಂಡರೆ ಚಕ್ರದ ಅಚ್ಚಿನ (ಆಕ್ಸಲ್) ಮೇಲೆ ಎರಕದಿಂದ ಉಳಿದ ಗೆರೆಯನ್ನು ಕೆರೆದು ತೆಗೆದು ಸಿಲಿಕೋನ್ ಗ್ರೀಸ್ ತುಸು ಹಚ್ಚಿ. ಹೊಲಿಗೆ ಯಂತ್ರದ ಎಣ್ಣೆ ಬೇಡ. ಖನಿಜ ತೈಲ ಒತ್ತಡದಲ್ಲಿರುವ ಪ್ಲಾಸ್ಟಿಕ್ ಅಚ್ಚುಗಳಲ್ಲಿ ದಿನ ಕಳೆದಂತೆ ಬಿರುಕು ಬಿಡಿಸುತ್ತದೆ. ಟಿ-55ಕ್ಕೆ ರಿಟರ್ನ್ ರೋಲರ್ (ಟ್ರ್ಯಾಕಿನ ಮೇಲಿನ ಭಾಗವನ್ನು ಹೊರುವ ಪುಟ್ಟ ಚಕ್ರ) ಇಲ್ಲ, ಟ್ರ್ಯಾಕಿನ ಮೇಲಿನ ಭಾಗ ನೇರವಾಗಿ ಚಕ್ರಗಳ ಮೇಲೆ ಬೀಳುತ್ತದೆ. ಹಾಗಾಗಿ ಅದರಲ್ಲಿ ಚಕ್ರ ಸಲೀಸಾಗಿ ತಿರುಗಲೇಬೇಕು.

ಟ್ರ್ಯಾಕ್ ಬಿಗಿಯಾಗಿರಬಾರದು. ಮೇಲಿನ ಭಾಗವನ್ನು ಬೆರಳಿನಿಂದ ಎತ್ತಿದರೆ 3ರಿಂದ 4 ಮಿ.ಮೀ. ಮೇಲೆ ಬರಬೇಕು. ಐಡ್ಲರ್ ಅಚ್ಚಿನ ರಂಧ್ರವನ್ನು ಅಡ್ಡಲಾಗಿ 2 ಮಿ.ಮೀ. ಉದ್ದಮಾಡಿ, ಬಿಗಿ ಹೊಂದಿಸಿದ ಮೇಲೆ ಅಂಟಿಸುವುದು ಒಳ್ಳೆಯ ಪದ್ಧತಿ. ವಿನೈಲ್ ಟ್ರ್ಯಾಕಿನ ಜೋಡಣೆ ಓಡುವಾಗ ಬಿಚ್ಚುತ್ತದೆ, ಅಲ್ಲಿ ತೆಳುವಾದ ದಾರದಿಂದ ಎರಡು ಹೊಲಿಗೆ ಹಾಕಿ ಕಪ್ಪು ಬಣ್ಣ ಸವರಿ.

ಈಗ ಮಲ್ಟಿಮೀಟರ್ ಅನ್ನು ಕರೆಂಟ್ ಅಳೆಯುವ ಸ್ಥಾನಕ್ಕೆ ತಂದು ಒಂದೊಂದು ಮೋಟಾರಿನ ಸಾಲಿನಲ್ಲಿ ಸೇರಿಸಿ. ಟ್ರ್ಯಾಕ್ ಇಲ್ಲದಾಗ ಎಷ್ಟು, ಟ್ರ್ಯಾಕ್ ಹಾಕಿದಾಗ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಟ್ರ್ಯಾಕ್ ಹಾಕಿದ ಮೇಲೆ ಎರಡೂವರೆ ಪಟ್ಟಿಗಿಂತ ಹೆಚ್ಚಾದರೆ ಎಲ್ಲೋ ಉಜ್ಜುತ್ತಿದೆ. ಎಡಬಲದ ಅಂಕಿಗಳಲ್ಲಿ ತುಂಬ ಅಂತರವಿದ್ದರೆ ಟ್ಯಾಂಕ್ ಹೆಚ್ಚು ಕರೆಂಟ್ ಎಳೆಯುವ ಕಡೆಗೇ ತಿರುಗುತ್ತದೆ. ಅದಕ್ಕೆ ಮದ್ದು ಆ ಕಡೆಯ ಚಕ್ರಗಳಲ್ಲಿದೆ, ವೈರಿಂಗ್‌ನಲ್ಲಿ ಹುಡುಕಬೇಡಿ.

ನಯವಾದ ಟೈಲ್ಸ್ ಮೇಲೆ ಪರೀಕ್ಷಿಸಿದರೆ ಟ್ರ್ಯಾಕ್ ಜಾರಿ ತಪ್ಪು ಉತ್ತರ ಕೊಡುತ್ತದೆ. ಸಿಮೆಂಟ್ ನೆಲ ಅಥವಾ ಒರಟು ಹಲಗೆ ಸರಿ. ಎರಡು ಮೀಟರ್ ದೂರಕ್ಕೆ ಒಂದು ಗೇಣಿಗಿಂತ ಕಡಿಮೆ ಪಕ್ಕಕ್ಕೆ ಸರಿದರೆ ಸಾಕು, ಮುಂದಿನ ಹಂತಕ್ಕೆ ಹೋಗಬಹುದು.

ಹಂತ 5: ಬ್ಯಾಟರಿ ಮತ್ತು ಸ್ವಿಚ್

ಟಿಪಿ4056 ಬೋರ್ಡ್ ಅಂಗಡಿಯಿಂದ ಬರುವಾಗ 1 ಆಂಪಿಯರ್‌ಗೆ ಹೊಂದಿಸಿರುತ್ತದೆ. ನಮ್ಮ 500 ಎಂಎಎಚ್ ಬ್ಯಾಟರಿಗೆ ಅದು ಎರಡು ಪಟ್ಟು. ಬಿಸಿಯಾಗಿ ಊದಿಕೊಳ್ಳುವುದಕ್ಕೆ ಇದೇ ದೊಡ್ಡ ಕಾರಣ. ಬೋರ್ಡ್ ಮೇಲೆ 122 ಎಂದು ಬರೆದ ಪುಟ್ಟ ರೆಸಿಸ್ಟರ್ ಇರುತ್ತದೆ, ಅಂದರೆ 1.2 ಕಿಲೋ ಓಮ್. ಅದನ್ನು ತೆಗೆದು 4.7 ಕಿಲೋ ಓಮ್ ಹಾಕಿದರೆ ಚಾರ್ಜ್ 250 ಮಿಲಿಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಎರಡೂವರೆ ಗಂಟೆ ಹಿಡಿಯುತ್ತದೆ, ಹಿಡಿಯಲಿ.

ಬ್ಯಾಟರಿ ಬಿ+ ಮತ್ತು ಬಿ- ಜಾಗಕ್ಕೆ, ಉಳಿದೆಲ್ಲ ಔಟ್+ ಮತ್ತು ಔಟ್- ಜಾಗಕ್ಕೆ. ಔಟ್ ಇಲ್ಲದ ಬೋರ್ಡ್ ಆದರೆ ಅದರಲ್ಲಿ ರಕ್ಷಣಾ ಸರ್ಕ್ಯೂಟ್ ಇಲ್ಲ, ಬಳಸಬೇಡಿ. ಔಟ್+ ನಂತರ ಮುಖ್ಯ ಸ್ವಿಚ್, ಅದು ಆಫ್ ಆಗಿದ್ದಾಗ ಮಾತ್ರ ಚಾರ್ಜ್.

ಮೋಟಾರ್ ಹಿಂದೆಮುಂದೆ ತಿರುಗಲು ಅತ್ಯಂತ ಸರಳ ದಾರಿ ವೈರ್ ರಿಮೋಟ್. ಪ್ರತಿ ಡಿಪಿಡಿಟಿ ಸ್ವಿಚ್‌ನ ನಡುವಿನ ಎರಡು ಕಾಲು ಮೋಟಾರ್‌ಗೆ. ಒಂದು ತುದಿಯ ಎರಡು ಕಾಲಿಗೆ ಬ್ಯಾಟರಿಯ ಪ್ಲಸ್, ಮೈನಸ್. ಆ ಕಾಲುಗಳಿಂದ ಇನ್ನೊಂದು ತುದಿಗೆ ವೈರ್‌ಗಳನ್ನು ಅಡ್ಡಹಾಯಿಸಿ. ಬ್ಯಾಟರಿ ಹಲ್‌ನಲ್ಲೇ ಇರುವುದರಿಂದ ಎರಡು ಮೋಟಾರ್‌ಗೆ ನಾಲ್ಕು, ಬ್ಯಾಟರಿಗೆ ಎರಡು, ಒಟ್ಟು ಆರು ಎಳೆಯ ತೆಳು ಕೇಬಲ್ ಟ್ಯಾಂಕಿನ ಹಿಂದಿನಿಂದ ಹೊರಬರುತ್ತದೆ. ನಿಸ್ತಂತು ರಿಮೋಟ್ ಬೇಕಿದ್ದವರು ಡಿಆರ್‌ವಿ8833 ಮೋಟಾರ್ ಡ್ರೈವರ್ ಬೋರ್ಡ್ ಬಳಸಿ. ಎಲ್ಲರೂ ಮೊದಲು ಕೊಳ್ಳುವ ಎಲ್298ಎನ್ ಬೋರ್ಡ್ ತನ್ನಲ್ಲೇ 2 ವೋಲ್ಟ್‌ನಷ್ಟು ತಿಂದುಹಾಕುತ್ತದೆ. 3.7 ವೋಲ್ಟ್‌ನಲ್ಲಿ ಅಷ್ಟು ಹೋದರೆ ಮೋಟಾರ್‌ಗೆ ಏನು ಉಳಿಯಿತು?

ಗಾಳಿಮಳೆಗೆ ಕರೆಂಟ್ ಹೋಗಿಬರುವ ದಿನ ಬೆಸುಗೆಗೆ ಕೂರಬೇಡಿ, ಅಥವಾ ಐರನ್ ಅನ್ನು ಇನ್ವರ್ಟರ್ ಲೈನಿಗೆ ಹಾಕಿ. ಅರ್ಧ ತಣಿದ ಐರನ್ ಕೊಡುವ ಬೆಸುಗೆ ಮಂಕಾಗಿ ಉಂಡೆ ಕಟ್ಟುತ್ತದೆ, ಟ್ಯಾಂಕ್ ಅಲುಗಿದಾಗ ಬಿಟ್ಟುಕೊಳ್ಳುತ್ತದೆ.

ಹಂತ 6: ದೀಪ

ಯಾವ ದೀಪ ಉರಿಯಬೇಕು ಎಂದು ಮೊದಲು ತೀರ್ಮಾನಿಸಿ. ಮಡಿಕೇರಿಯ ಸನ್ನಿ ಸೈಡ್‌ನಲ್ಲಿ, ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಟಿ-55ನ್ನು ಒಮ್ಮೆ ಸುತ್ತಿ ನೋಡಿ ಬಂದರೆ ದೀಪಗಳ ಜಾಗ, ಗಾರ್ಡ್‌ನ ಆಕಾರ ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಈ ಬಗೆಯ ಟ್ಯಾಂಕಿನಲ್ಲಿ ಮುಂದಿನ ಇಳಿಜಾರಿನ ಬಲಗಡೆ ಎರಡು ಹೆಡ್‌ಲೈಟ್ ಜೋಡಿಯಾಗಿರುತ್ತವೆ, ಅವುಗಳಲ್ಲಿ ಒಂದು ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು). ತೋಪಿನ ಪಕ್ಕದ ದೊಡ್ಡ ಸರ್ಚ್‌ಲೈಟ್ ಕೂಡ ಇನ್ಫ್ರಾರೆಡ್, ಅದರ ಗಾಜು ಕಪ್ಪಗೆ ಕಾಣುತ್ತದೆ. ಅದಕ್ಕೆ ಬಿಳಿ ಎಲ್‌ಇಡಿ ಹಾಕಿ ಬೆಳಗಿಸುವುದು ತಪ್ಪು. ಆರಿಸಿಯೇ ಇಡಿ, ಬಹಳವೆಂದರೆ ಮಸುಕಾದ ಕಡುಗೆಂಪು.

ಎಲ್‌ಇಡಿಗೆ ತಂತಿ ಬೆಸೆಯಲು ಅದನ್ನು ಹಲಗೆಗೆ ಅಂಟಿಸಿದ ಡಬಲ್ ಟೇಪ್ ಮೇಲೆ ತಲೆಕೆಳಗಾಗಿ ಇಡಿ. ಎರಡು ತುದಿಗೂ ಫ್ಲಕ್ಸ್ ಹಚ್ಚಿ, ಸೋಲ್ಡರ್‌ನ ಚುಕ್ಕೆ ಇಡಿ. ಉಜ್ಜಿದ ತಂತಿಯ ತುದಿಗೂ ಸೋಲ್ಡರ್ ಹಿಡಿಸಿ, ಮುಟ್ಟಿಸಿ ಒಂದು ಸೆಕೆಂಡ್ ಐರನ್ ತಾಗಿಸಿ. ಎರಡು ಸೆಕೆಂಡ್ ಮೀರಿದರೆ ಎಲ್‌ಇಡಿ ಬೇಯುತ್ತದೆ. ಹಿಂಬದಿಯ ಹಸಿರು ಗುರುತು ಹೆಚ್ಚಾಗಿ ಮೈನಸ್ ಕಡೆ ಇರುತ್ತದೆ, ಎಲ್ಲ ತಯಾರಕರೂ ಹಾಗೆ ಮಾಡುವುದಿಲ್ಲ. ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಮುಟ್ಟಿಸಿ ನೋಡಿ, ಮಿಣುಕಿದ ದಿಕ್ಕನ್ನು ನಂಬಿ, ಪ್ಲಸ್ ತಂತಿಗೆ ಕೆಂಪು ಚುಕ್ಕೆ ಹಾಕಿ.

ಪ್ರತಿ ಎಲ್‌ಇಡಿಗೆ ಅದರದೇ ರೆಸಿಸ್ಟರ್: ಬಿಳಿಗೆ 220 ಓಮ್, ಕೆಂಪಿಗೆ 680 ಓಮ್. ಒಂದೇ ರೆಸಿಸ್ಟರ್‌ನಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿದರೆ ಕೆಂಪು ಮಾತ್ರ ಉರಿಯುತ್ತದೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು, ಕೆಂಪು ವೋಲ್ಟೇಜನ್ನು ಮೇಲೇರಲು ಬಿಡುವುದಿಲ್ಲ.

ದೀಪದ ಸಾಲಿಗೆ ಬರುವ ಪ್ಲಸ್ ವೈರ್‌ನಲ್ಲಿ 1ಎನ್5819 ಡಯೋಡ್ ಹಾಕಿ, ಅದರ ಬಿಳಿ ಪಟ್ಟಿ ದೀಪಗಳ ಕಡೆಗೆ. ಪಟ್ಟಿಯ ನಂತರ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಪಟ್ಟಿ ಇರುವ ಕಾಲು ಮೈನಸ್‌ಗೆ. ಮೋಟಾರ್ ಹೊರಡುವಾಗ ವೋಲ್ಟೇಜ್ ಕುಸಿದರೂ ಈ ಕೆಪ್ಯಾಸಿಟರ್ ಆ ಕ್ಷಣ ದೀಪವನ್ನು ಹಿಡಿದಿಡುತ್ತದೆ. ಡಯೋಡ್ ಇಲ್ಲದೆ ಬರಿ ಕೆಪ್ಯಾಸಿಟರ್ ಹಾಕಿದರೆ ಅದರಲ್ಲಿದ್ದುದನ್ನೂ ಮೋಟಾರೇ ಎಳೆದುಕೊಳ್ಳುತ್ತದೆ. ದೀಪದ ಸ್ವಿಚ್ ಇದೇ ಸಾಲಿನಲ್ಲಿ ಬೇರೆಯಾಗಿರಲಿ.

ಹೆಡ್‌ಲೈಟ್ ಬಟ್ಟಲಿನ ಹಿಂದೆ 0.5 ಮಿ.ಮೀ. ರಂಧ್ರ ಕೊರೆದು ತಂತಿ ದಾಟಿಸಿ. ಬಟ್ಟಲಿನ ಹೊರಗೆ ಎರಡು ಕೈ ಕಪ್ಪು, ಒಳಗೆ ಬೆಳ್ಳಿ. ಹಲ್‌ನ ಒಳಗೂ ದೀಪ ಇರುವ ಜಾಗದ ಸುತ್ತ ಕಪ್ಪು ಬಳಿಯಿರಿ. ಕಿಟ್‌ನ ಪ್ಲಾಸ್ಟಿಕ್ ಬೆಳಕನ್ನು ಸೋಸಿ ಹೊರಬಿಡುತ್ತದೆ, ಹೊರಗಿನ ಹಸಿರು ಬಣ್ಣ ಅದನ್ನು ತಡೆಯದು. ಗಾಜಿನ ತುಂಡನ್ನು ಫೆವಿಕಾಲ್‌ನಲ್ಲಿ ಕೂರಿಸಿ, ಒಣಗಿದರೆ ಪಾರದರ್ಶಕವಾಗುತ್ತದೆ. ಸೂಪರ್ ಗ್ಲೂ ಆವಿ ಗಾಜಿನ ಮೇಲೆ ಬಿಳಿ ಮಂಜು ಹಿಡಿಸುತ್ತದೆ, ತೇವದ ಹವೆಯಲ್ಲಿ ಇನ್ನೂ ಹೆಚ್ಚು.

ಹಿಂದಿನ ಪುಟ್ಟ ಕೆಂಪು ದೀಪಕ್ಕೆ ಎಲ್‌ಇಡಿ ಹಿಡಿಸದಿದ್ದರೆ 0.75 ಮಿ.ಮೀ. ಆಪ್ಟಿಕ್ ಫೈಬರ್ ಎಳೆಯನ್ನು ಹೊರತಂದು, ಎಲ್‌ಇಡಿಯನ್ನು ಹಲ್‌ನ ಒಳಗೇ ಇಡಿ. ಎಳೆಯ ತುದಿಯನ್ನು ಬಿಸಿ ಐರನ್‌ನ ಹತ್ತಿರ, ತಾಗಿಸದೆ, ಹಿಡಿದರೆ ಅಣಬೆಯಂತೆ ಅರಳಿ ತಾನೇ ಲೆನ್ಸ್ ಆಗುತ್ತದೆ.

ಕೋಣೆಯ ದೀಪ ಆರಿಸಿ ಕತ್ತಲಲ್ಲಿ ಒಮ್ಮೆ ಉರಿಸಿ ನೋಡದೆ ಮುಂದಕ್ಕೆ ಹೋಗಬೇಡಿ.

ಹಂತ 7: ಟರೆಟ್

ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ತಿರುಗಿಸುವ ಈ ಹಂತ ಬಿಟ್ಟರೂ ನಷ್ಟವಿಲ್ಲ. ಮಾಡುವುದಾದರೆ 10ರಿಂದ 15 ಆರ್‌ಪಿಎಂ ವರ್ಮ್ ಗೇರ್ ಎನ್20 ತಂದು ಹಲ್‌ನಲ್ಲಿ ಮಲಗಿಸಿ, ಮೇಲಕ್ಕೆ ಬರುವ ಶಾಫ್ಟ್‌ಗೆ ರಬ್ಬರ್ ಓ-ರಿಂಗ್ ಹಾಕಿದ ಚಿಕ್ಕ ಚಕ್ರ ಸಿಕ್ಕಿಸಿ, ಅದು ಟರೆಟ್ ರಿಂಗ್‌ನ ಒಳಅಂಚನ್ನು ಒತ್ತುವಂತೆ ಮಾಡಿ. ಯಾರಾದರೂ ಕೈಯಿಂದ ತೋಪನ್ನು ತಿರುಗಿಸಿದರೆ ರಬ್ಬರ್ ಜಾರುತ್ತದೆ. ಹಲ್ಲಿನ ಗೇರ್ ಆಗಿದ್ದರೆ ಮುರಿಯುತ್ತಿತ್ತು, ಮಕ್ಕಳಿರುವ ಮನೆಯಲ್ಲಿ ಅದು ಖಂಡಿತ. ಟರೆಟ್‌ಗೆ ಹೋಗುವ ದೀಪದ ತಂತಿ ನಡುವಿನಿಂದಲೇ ಏರಲಿ, 5 ಸೆಂ.ಮೀ. ಸಡಿಲ ಬಿಡಿ, ಎರಡು ಕಡೆಗೂ 150 ಡಿಗ್ರಿಗೆ ನಿಲ್ಲುವಂತೆ ಒಳಗೊಂದು ಅಡ್ಡಗೂಟ ಅಂಟಿಸಿ.

ಹಂತ 8: ಬಣ್ಣ

ಚಕ್ರ, ಟ್ರ್ಯಾಕ್ ತೆಗೆದಿಡಿ. ಶಾಫ್ಟ್, ಅಚ್ಚು, ಸ್ಪ್ರಾಕೆಟ್ ಹಲ್ಲುಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ದೀಪದ ಗಾಜಿಗೆ ಟೇಪಿನ ಗುಂಡು ಚೂರು. ಮೋಟಾರಿನ ಗಾಳಿತೂತುಗಳನ್ನು ಮುಚ್ಚುವುದನ್ನು ಮರೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯದಿರುವುದೇ ಮೇಲು. ದ್ರಾವಕ ಹಾರುವಾಗ ತಣಿದ ಮೇಲ್ಮೈ ಮೇಲೆ ಗಾಳಿಯ ತೇವ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಬಳಿದು ಒಂದೊಂದು ಕೈಗೂ ಇಡೀ ದಿನ ಬಿಡುವು ಕೊಡಿ. ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ತೋಪು ಬಾಗುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ ನಿಧಾನ, ಆದರೆ ಕೆಲಸ ಆಗುತ್ತದೆ.

ವಿನೈಲ್ ಟ್ರ್ಯಾಕಿಗೆ ದಪ್ಪ ಬಣ್ಣ ಬಳಿದರೆ ಮೊದಲ ಓಟದಲ್ಲೇ ಉದುರಿ ಸ್ಪ್ರಾಕೆಟ್‌ಗೆ ಅಂಟುತ್ತದೆ. ನೀರಾಗಿಸಿದ ಕಂದು ಬಣ್ಣವನ್ನು ಸಂದುಗಳಿಗೆ ಮಾತ್ರ ಹರಿಸಿ.

ಹಂತ 9: ಮುಚ್ಚುವುದು ಮತ್ತು ಇಡುವುದು

ಹಲ್‌ನ ಮೇಲ್ಭಾಗಕ್ಕೆ 3×1 ಮಿ.ಮೀ. ನಿಯೋಡಿಮಿಯಂ ಆಯಸ್ಕಾಂತ, ಮೂಲೆಗೊಂದರಂತೆ ನಾಲ್ಕು ಜೋಡಿ. ಅಂಟು ಹಾಕುವ ಮೊದಲು ಪ್ರತಿ ಜೋಡಿಗೂ ಎದುರುಬದುರು ಮುಖದ ಮೇಲೆ ಪೆನ್ನಿನ ಗುರುತು ಮಾಡಿ. ಒಂದು ತಿರುವುಮುರುವಾದರೂ ಆ ಮೂಲೆ ಎದ್ದು ನಿಲ್ಲುತ್ತದೆ. ವೈರ್‌ಗಳನ್ನು ಹಲ್‌ನ ನೆಲಕ್ಕೆ ಕಪ್ಟಾನ್ ಟೇಪಿನಿಂದ ಅಂಟಿಸಿ, ಸ್ಪ್ರಾಕೆಟ್ ಶಾಫ್ಟ್‌ನಿಂದ ಒಂದು ಬೆರಳು ದೂರ ಇರಲಿ. ಸ್ವಿಚ್‌ಗಳು ಹೊಟ್ಟೆಯ ಕೆಳಗೆ, ಚಾರ್ಜಿಂಗ್ ಕಿಂಡಿ ಹಿಂಬದಿಯ ಹಲಗೆಯ ಮರೆಯಲ್ಲಿ. ಪ್ಲಾಸ್ಟಿಕ್ ಸಿಮೆಂಟ್ ಬಳಸಿದ ಭಾಗಗಳ ವಾಸನೆ ಪೂರ್ತಿ ಹೋಗುವವರೆಗೆ ಬ್ಯಾಟರಿ ಒಳಗಿಡಬೇಡಿ.

ಮುಚ್ಚಿದ ಮೇಲೆ ಐದು ನಿಮಿಷ ಓಡಿಸಿ, ತೆರೆದು ಬ್ಯಾಟರಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಹಂತ 4ಕ್ಕೆ ಮರಳಿ, ಎಲ್ಲೋ ಏನೋ ಉಜ್ಜುತ್ತಿದೆ. ಸಿಹಿ ರಾಸಾಯನಿಕ ವಾಸನೆ ಬಂದರೆ ಅಥವಾ ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡುವ ಮಾತೇ ಇಲ್ಲ. ಹೊರಗೆ ಸಿಮೆಂಟ್ ನೆಲದ ಮೇಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಬೆಂಕಿಗೆ ಹಾಕಬೇಡಿ.

ಮಳೆಗಾಲ ಪೂರ್ತಿ ಓಡಿಸುವುದಿಲ್ಲ ಎಂದಾದರೆ ಬ್ಯಾಟರಿಯನ್ನು 3.8 ವೋಲ್ಟ್‌ನಲ್ಲಿ ಬಿಟ್ಟು ಕನೆಕ್ಟರ್ ಕಳಚಿ ಬೇರೆ ಡಬ್ಬಿಯಲ್ಲಿಡಿ. ಟ್ರ್ಯಾಕನ್ನೂ ಸ್ಪ್ರಾಕೆಟ್‌ನಿಂದ ಬಿಡಿಸಿ. ಕೆಲವು ವಿನೈಲ್ ಟ್ರ್ಯಾಕ್‌ಗಳು ತಾಗಿಕೊಂಡೇ ತಿಂಗಳುಗಟ್ಟಲೆ ಇದ್ದರೆ ಚಕ್ರದ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಸಿಲಿಕಾ ಜೆಲ್‌ನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮರಳಿ ಹಾಕಿ, ಆ ಬಾಣಲೆ ಆಮೇಲೆ ಅಡುಗೆಗೆ ಬೇಡ.